ತೊಳೆದರೂ ಹೋಗದ ಹಳದಿ

ತೆಂಗಿನಕಾಯಿಯ ಚೀಲಗಳನ್ನು ಇಳಿಸಿಕೊಳ್ಳುವಾಗ ಕೊನೆಯ ಚೀಲ ಅಲುಗಾಡಿತು. ಮಹಾನಂದಾ ಒಂದು ಹೆಜ್ಜೆ ಹಿಂದೆ ಸರಿದಳು. ಚೀಲ ಕುಂಯ್ ಎಂದಿತು.

"ಏನ್ರೀ ಇದು?"

ಕಲ್ಮೇಶ ಟೆಂಪೊದ ಹಿಂಬಾಗಿಲು ಹಾಕುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿದ. ಬೈಲಹೊಂಗಲದ ಕಾಯಿ ವ್ಯಾಪಾರಿಯೊಬ್ಬರ ಟೆಂಪೊ ಓಡಿಸುವವನು. ಸೋಮವಾರ, ಗುರುವಾರ ಉಗರಗೋಳಕ್ಕೆ ಬಂದು ಯಲ್ಲಮ್ಮನ ಗುಡ್ಡದ ದಾರಿಯ ಅಂಗಡಿಗಳಿಗೆ ಕಾಯಿ ಹಾಕಿ ಹೋಗುವುದು ಅವನ ಕೆಲಸ. ಮಹಾನಂದಾ ಮತ್ತು ಅವಳ ತಾಯಿ ನಡೆಸುವ ಅಂಗಡಿಗೆ ಅವನು ಬರಲು ಶುರುಮಾಡಿ ಹೆಚ್ಚು ದಿನವಾಗಿರಲಿಲ್ಲ. ಅಲ್ಲಿಯವರೆಗೆ ಇಬ್ಬರೂ ಆಡಿದ ಮಾತೆಲ್ಲ ಕೊಳೆತ ಕಾಯಿಯ ಬಗ್ಗೆ.

"ಒಂದು ಕಾಯಿ ಸ್ವಲ್ಪ ಮೆತ್ತಗ ಐತ್ರಿ," ಎಂದ.

"ಮೆತ್ತಗಿದ್ದ ಕಾಯಿ ಉಸರಾಡತೈತೇನು? ಬಿಚ್ರಿ."

ಬಿಚ್ಚಿದ. ಒಳಗೊಂದು ನಾಯಿಮರಿ. ಅರ್ಧ ಮೈ ಡಾಂಬರು ಮೆತ್ತಿ ಕರ್ರಗೆ ಗಟ್ಟಿಯಾಗಿತ್ತು. ಒಂದು ಕಿವಿ ಕುತ್ತಿಗೆಗೆ ಅಂಟಿಕೊಂಡಿತ್ತು.

"ಸವದತ್ತಿ ರೋಡಿನ್ಯಾಗ ಡಾಂಬರ ಹಾಕಾಕತ್ತಾರಲ್ರಿ. ಡ್ರಮ್ ಒಡದು ಹರದಿತ್ತು. ಅದರಾಗ ಸಿಕ್ಕೊಂಡು ಒದರಾಕತ್ತಿತ್ತು. ಏನ್ಮಾಡ್ಲಿ?"

"ನಿಮ್ಮ ಮನೀಗೆ ಒಯ್ಯೂದು."

"ಬಾಡಗಿ ಖೋಲಿರಿ. ಮಾಲಕ ನನ್ನ ಇಟ್ಕೊಂಡಿದ್ದೇ ದೊಡ್ಡದು. ಒಂದಿನಾ ಇಟ್ಕೊಳ್ರಿ, ಗುರುವಾರ ಬಂದು ಒಯ್ತೇನಿ."

"ಇವತ್ತ ಸೋಮವಾರ. ನಿಮ್ಮೂರಾಗ ಗುರುವಾರತನಕ ಒಂದ ದಿನಾ ಏನು?"

ಅವನು ನಕ್ಕ. ನಗುವಾಗ ಮೊದಲು ಕಣ್ಣು ಕಿರಿದಾಗಿ, ಆಮೇಲೆ ತುಟಿ ಬಿರಿಯಿತು. ಅದನ್ನು ಗಮನಿಸಿದ್ದಕ್ಕೆ ಮಹಾನಂದಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಒಳಗಿನಿಂದ ತಾಯಿ ಸತ್ಯವ್ವ ಕೂಗಿದಳು: "ನಾಯಿ ಗೀಯಿ ಏನೂ ಬ್ಯಾಡ. ಮೊದಲ ಹೇಳೇನಿ." ಕೂಗಿದ ಮೇಲೆ ತಾನೇ ಶೇಂಗಾ ಎಣ್ಣೆಯ ಬಟ್ಟಲು ಹಿಡಿದು ಬಂದಳು. "ನೀರ ಹಾಕಬ್ಯಾಡ, ಹೋಗೂದಿಲ್ಲ ಅದು. ಎಣ್ಣಿ ಹಚ್ಚಿ ತಿಕ್ಕು."

ತಿಕ್ಕಿ ತಿಕ್ಕಿ ಡಾಂಬರು ಬಿಟ್ಟಾಗ ಕೆಳಗೆ ಅಪ್ಪಟ ಬಿಳಿ ಬಣ್ಣವಿತ್ತು. ಅಷ್ಟರಲ್ಲಿ ಹೆಸರು ಬಿದ್ದಾಗಿತ್ತು. ಬಿಳಿ ನಾಯಿಗೆ ಡಾಂಬರಿ ಎಂಬ ಹೆಸರೇ ಉಳಿಯಿತು.

ಗುರುವಾರ ಕಲ್ಮೇಶ ಬಂದಾಗ ಮಹಾನಂದಾ, "ಕಿವ್ಯಾಗ ಇನ್ನೂ ಡಾಂಬರ ಐತಿ, ಸೋಮವಾರ ಒಯ್ರಿ" ಎಂದಳು. ಕಿವಿಯಲ್ಲಿ ಏನೂ ಇರಲಿಲ್ಲ. ಸೋಮವಾರ ಅವನು, "ಖೋಲಿ ಮಾಲಕನ ತಮ್ಮ ಬಂದಾನ್ರಿ, ಜಾಗಾ ಇಲ್ಲ" ಎಂದ. ಮಾಲೀಕನಿಗೆ ತಮ್ಮನೇ ಇರಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು. ನಾಯಿ ಅವಳದಾಯಿತು.

ಡಾಂಬರಿಯ ಬಿಳುಪು ಮಾತ್ರ ಬಾಳಲಿಲ್ಲ. ಭಂಡಾರದ ಅಂಗಡಿಯಲ್ಲಿ ಯಾವುದೂ ಬೆಳ್ಳಗೆ ಉಳಿಯುವುದಿಲ್ಲ. ದೇವಿಗೆ ಏರಿಸುವ ಆ ಅರಿಶಿನದ ಪುಡಿ ತಕ್ಕಡಿಯ ಮೇಲೆ, ಬಳೆಯ ಡಬ್ಬಿಯ ಮೇಲೆ, ಮಹಾನಂದಾಳ ಉಗುರಿನ ಸಂದಿಯಲ್ಲಿ ಕೂತಿರುತ್ತಿತ್ತು. ಮಂಗಳವಾರ, ಶುಕ್ರವಾರ ಗುಡ್ಡಕ್ಕೆ ಬಂದವರು ಉಧೋ ಉಧೋ ಎಂದು ಗಾಳಿಗೆ ತೂರಿದರೆ ಬೀದಿಗೆ ಬೀದಿಯೇ ಹಳದಿ. ಹೋಗುವ ಹೆಂಗಸರು ಹೊಸ್ತಿಲಲ್ಲಿ ಮಲಗಿದ ಡಾಂಬರಿಯ ಹಣೆಗೂ ಒಂದು ಚಿಟಿಕೆ ಹಚ್ಚುತ್ತಿದ್ದರು. ಅದು ಸೀನಿ, ಬಾಲ ಅಲ್ಲಾಡಿಸಿ, ಮತ್ತೆ ಮಲಗುತ್ತಿತ್ತು.

ಕಲ್ಮೇಶ ಕಾಯಿ ಇಳಿಸಿದ ಮೇಲೆ ಅದರ ಪಕ್ಕದಲ್ಲೇ ಕೂರುತ್ತಿದ್ದ. ಅವರಿಬ್ಬರ ಮಾತು ನಡೆಯುತ್ತಿದ್ದುದು ನಾಯಿಯ ಮೂಲಕ.

"ಡಾಂಬರಿ, ನಿಮ್ಮ ಅಕ್ಕಾರಿಗೆ ಒಂದು ಕಪ್ ಚಾ ಕೇಳು."

"ಡಾಂಬರಿ, ಹಾಲ ಮುಗದಾವ ಅಂತ ಹೇಳು."

"ಡಾಂಬರಿ, ಹಾಲ ಇಲ್ಲದ ಚಾನೂ ಕುಡೀತೇನಿ ಅಂತ ಹೇಳು."

"ಡಾಂಬರಿ, ಇವರಿಗೆ ಮಾನಾ ಮರ್ಯಾದಿ ಐತೇನು ಕೇಳು."

ನಾಯಿ ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡುತ್ತಿತ್ತು. ಚಹಾ ಬರುತ್ತಿತ್ತು. ಕೊಡುವಾಗ ಅವಳು ಕಪ್ಪಿನ ಕಿವಿಯನ್ನು ಅವನ ಕಡೆ ತಿರುಗಿಸಿ, ತಾನು ಬಿಸಿಯ ಕಡೆ ಹಿಡಿದು ಕೊಡುತ್ತಿದ್ದಳು. ಅದನ್ನು ಅವನು ನೋಡಿದ್ದ. ನೋಡಿದ್ದೇನೆಂದು ಹೇಳಿರಲಿಲ್ಲ.

ಈ ವರ್ಷ ಮಳೆ ನಿಂತ ಮೇಲೆ ಒಂದು ಸೋಮವಾರ ಟೆಂಪೊ ತಂದವನು ಬೇರೆ ಡ್ರೈವರ್.

"ಕಲ್ಮೇಶ ರಾಮದುರ್ಗಕ್ಕ ಹೋಗ್ಯಾನ್ರಿ. ಹೆಣ್ಣ ನೋಡಾಕ. ಅವರಕ್ಕ ಚನ್ನವ್ವ ಹಟಾ ಹಿಡದಿದ್ಲು."

ಮಹಾನಂದಾ ಕಾಯಿಗಳನ್ನು ಗೋಡೆಗೆ ಒತ್ತಿ ಜೋಡಿಸಿದಳು. ಒಂದು ಉರುಳಿತು. ಮತ್ತೆ ಜೋಡಿಸಿದಳು.

ಆ ಸಂಜೆ ಡಾಂಬರಿ ಹಾಲು-ರೊಟ್ಟಿ ಮೂಸಿ ನೋಡಿ ಬಿಟ್ಟಿತು. ಮರುದಿನವೂ ಬಿಟ್ಟಿತು.

"ನೋಡಬೇ, ಅದೂ ಸಿಟ್ಟಾಗೇತಿ," ಎಂದಳು ಮಹಾನಂದಾ.

ಸತ್ಯವ್ವ ಬಳೆ ಒರೆಸುತ್ತ ತಲೆಯೆತ್ತಲಿಲ್ಲ. "ಅದೂ ಅಂದ್ರ? ಮತ್ಯಾರ ಆಗ್ಯಾರ?"

ಗುರುವಾರವೂ ಅವನು ಬರಲಿಲ್ಲ. ಟೆಂಪೊದ ಸದ್ದಿಗೆ ಡಾಂಬರಿ ಎದ್ದು ರಸ್ತೆಯವರೆಗೆ ಹೋಗಿ, ಬೇರೆಯವನನ್ನು ನೋಡಿ, ನಿಧಾನ ತಿರುಗಿ ಬಂದು ಗಲ್ಲಾಪೆಟ್ಟಿಗೆಯ ಕೆಳಗೆ ಬಿದ್ದುಕೊಂಡಿತು. ಮಹಾನಂದಾಳಿಗೆ ಅದರ ಮೇಲೆ ಪ್ರೀತಿ ಉಕ್ಕಿತು. ತಾನು ಮಾಡಲಾಗದ್ದನ್ನು ಅದು ಬಹಿರಂಗವಾಗಿ ಮಾಡುತ್ತಿದೆ ಅನ್ನಿಸಿತು.

ಮುಂದಿನ ಸೋಮವಾರ ಕಲ್ಮೇಶನೇ ಬಂದ. ಹೊಸ ಅಂಗಿ ಹಾಕಿದ್ದ. ಡಾಂಬರಿ ತಲೆ ಎತ್ತಿ, ಬಾಲವನ್ನು ನೆಲಕ್ಕೆ ಬಡಿದು, ಮತ್ತೆ ತಲೆ ಇಟ್ಟಿತು.

"ಯಾಕ, ನನ್ನ ಮ್ಯಾಲ ಸಿಟ್ಟೇನು?"

"ಯಾರು? ಡಾಂಬರಿ?"

"ಮತ್ಯಾರು?"

"ಅದನ್ನ ಕೇಳ್ರಿ. ಊಟಾ ಬಿಟ್ಟು ಕುಂತೈತಿ, ನೀವು ಹೋದಾಗಿಂದ."

ಅವನ ಮುಖ ಅರಳಿತು. ಅರಳಿದ್ದು ಅವಳಿಗೆ ಕಾಣಿಸಬಾರದೆಂದು ನಾಯಿಯ ಕಡೆ ಬಗ್ಗಿದ. "ಡಾಂಬರಿ, ಹುಡುಗಿ ಹೆಂಗಿದ್ಲು ಅಂತ ಕೇಳಾಂಗಿಲ್ಲೇನು?"

"ಡಾಂಬರಿ, ಅದರ ಉಸಾಬರಿ ನಮಗ್ಯಾಕ ಅಂತ ಹೇಳು."

"ಉಪ್ಪಿಟ್ಟ ಭಾಳ ಚಲೋ ಇತ್ತ್ರಿ. ಎರಡ ಸಲಾ ಹಾಕಿಸ್ಕೊಂಡೆ. ಹುಡುಗಿ ಬ್ಯಾಡ ಅಂತ ಹೇಳಿ ಬಂದೆ."

"ಉಪ್ಪಿಟ್ಟ ತಿಂದು ಹುಡುಗಿ ಬ್ಯಾಡ ಅಂದ್ರೇನು? ನಾಚಿಕಿ ಇಲ್ದವರು."

ಅವಳು ನಕ್ಕಿದ್ದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಾಗ ಮೂಗಿಗೆ ಭಂಡಾರ ಹತ್ತಿತು. ಅವನು ಅದನ್ನು ನೋಡುತ್ತಲೇ ಇದ್ದ.

"ಇದರ ಕಣ್ಣ ನೋಡ್ರಿ, ಹಳದಿ ಆಗ್ಯಾವ," ಎಂದ ಆಮೇಲೆ.

"ಭಂಡಾರ ಬಿದ್ದೈತಿ. ಮೊನ್ನಿ ಶುಕ್ರವಾರ ಗದ್ದಲ ಭಾಳ ಇತ್ತು." ಅವಳು ದುಪಟ್ಟಾದ ತುದಿಯಿಂದ ಅದರ ಕಣ್ಣು ಒರೆಸಿದಳು.

"ಗುರುವಾರ ಜಳಕಾ ಮಾಡಸೂಣು. ಲಗೂನ ಬರತೇನಿ."

ಗುರುವಾರ ಅವನು ನಿಜವಾಗಿಯೂ ಬೇಗ ಬಂದ. ಹಿತ್ತಲಿನ ನಳದ ಹತ್ತಿರ ಇಬ್ಬರೂ ಕೂತರು. ಅವನು ನೀರು ಹಾಕುತ್ತಿದ್ದ, ಅವಳು ತಿಕ್ಕುತ್ತಿದ್ದಳು. ಮೊದಲ ಕೊಡ ದಟ್ಟ ಹಳದಿಯಾಗಿ ಹರಿದು ಚರಂಡಿ ಸೇರಿತು.

"ಅರ್ಧಾ ಕಿಲೋ ಭಂಡಾರ ಲುಕ್ಸಾನ," ಎಂದ.

"ನಿಮ್ಮ ಲೆಕ್ಕಕ್ಕ ಹಚ್ಚತೇನಿ."

ನೊರೆಯಲ್ಲಿ ಅವಳ ಬೆರಳಿಗೆ ಅವನ ಬೆರಳು ತಾಗಿತು. ಇಬ್ಬರೂ ಕೈ ತೆಗೆಯಲಿಲ್ಲ. ನಡುವೆ ಡಾಂಬರಿ ನಿಂತಿತ್ತು, ಮೈ ಕೊಡವದೆ, ಓಡಿಹೋಗದೆ. ಸ್ನಾನವೆಂದರೆ ಗೋಡೆ ಹಾರುತ್ತಿದ್ದ ನಾಯಿ.

ಎರಡನೇ ಕೊಡದ ನೀರು ತಿಳಿಹಳದಿ. ಮೂರನೆಯದು ಬೆಳ್ಳಗೆ ಹರಿಯಿತು. ಮಹಾನಂದಾ ಅದರ ಕಿವಿಯನ್ನು ಮಗುಚಿ ಒಳಗೆ ಬೆರಳಾಡಿಸಿದಳು. ಹಳದಿ. ಮತ್ತೆ ತಿಕ್ಕಿದಳು. ಬೆರಳಿಗೆ ಏನೂ ಹತ್ತಲಿಲ್ಲ.

"ಇನ್ನಷ್ಟ ನೀರ ಹಾಕ್ರಿ."

ಹಾಕಿದ. ಕಿವಿ ಹಳದಿಯಾಗಿಯೇ ಇತ್ತು. ಅವಳು ತುಟಿ ಎತ್ತಿ ನೋಡಿದಳು. ವಸಡು ಹಳದಿ. ಕೂದಲು ಕಡಿಮೆಯಿರುವ ಹೊಟ್ಟೆಯ ತೊಗಲು ಹಳದಿ. ಕಿವಿಯ ಬುಡದಲ್ಲಿ ಉಣ್ಣಿಗಳು ಕಾಳಿನಂತೆ ಸಾಲಾಗಿ ಕೂತಿದ್ದವು.

"ಕಲ್ಮೇಶ," ಎಂದಳು. ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಇದು ಭಂಡಾರ ಅಲ್ಲ."

ಸವದತ್ತಿಯ ದನದ ದವಾಖಾನೆಯಲ್ಲಿ ಡಾಕ್ಟರಮ್ಮ ಡಾಂಬರಿಯ ವಸಡು ಒತ್ತಿ ನೋಡಿ, ಜ್ವರ ನೋಡಿ, ರಕ್ತ ತೆಗೆದುಕೊಂಡರು.

"ಉಣ್ಣಿ ಜ್ವರ. ರಕ್ತದಾಗಿನ ಕಣ ಒಡದು ಕಾಮಾಲಿ ಆಗೇತಿ. ಊಟಾ ಬಿಟ್ಟು ಎಷ್ಟ ದಿನಾ ಆತು?"

ಮಹಾನಂದಾ ಡಾಂಬರಿಯ ಕಿವಿ ನೇವರಿಸಿದಳು.

"ಹತ್ತ ದಿನದ ಮ್ಯಾಲಾತ್ರಿ," ಎಂದ ಕಲ್ಮೇಶ.

"ಹತ್ತ ದಿನಾ ಏನ್ ಮಾಡಾಕತ್ತಿದ್ರಿ?"

"ಸಿಟ್ಟ ಮಾಡ್ಕೊಂಡೈತಿ ಅಂತ ತಿಳಕೊಂಡಿದ್ವಿ."

"ನಾಯಿ? ಯಾರ ಮ್ಯಾಲ?"

ಇಬ್ಬರೂ ನೆಲ ನೋಡಿದರು. ಡಾಕ್ಟರಮ್ಮ ಇಬ್ಬರನ್ನೂ ಒಮ್ಮೆ ನೋಡಿ, ಮತ್ತೇನೂ ಕೇಳದೆ ಸಲಾಯಿನ್ ಏರಿಸಿದರು. "ಮೊದಲ ತಂದಿದ್ರ ಗ್ಯಾರಂಟಿ ಕೊಡತಿದ್ದೆ. ಈಗ ಕೊಡೂದಿಲ್ಲ. ಔಷಧ ಮಾಡೂಣು."

ಆ ವಾರ ಅವನು ದಿನವೂ ಬಂದ. ಕೆಲವು ದಿನ ಟೆಂಪೊ ಮಾಲೀಕನಿಗೆ ಹೇಳಿ, ಕೆಲವು ದಿನ ಹೇಳದೆ. ಬೆಳಗ್ಗೆ ಡಾಂಬರಿಯನ್ನು ಗೋಣಿಯಲ್ಲಿ ಎತ್ತಿಕೊಂಡು ಸವದತ್ತಿಗೆ, ಸಲಾಯಿನ್ ಮುಗಿಸಿ ವಾಪಸ್ಸು. ದಾರಿಯಲ್ಲಿ ಇಬ್ಬರೂ ತಮಾಷೆ ಮಾಡಲಿಲ್ಲ. ನಾಯಿಯ ಮೂಲಕ ಏನನ್ನೂ ಹೇಳಿಕೊಳ್ಳಲಿಲ್ಲ. ಒಂದು ದಿನ ಅದು ಗಂಜಿ ನೆಕ್ಕಿತು. ಸತ್ಯವ್ವ ಬೀದಿಗೆಲ್ಲ ಆ ಸುದ್ದಿ ಹೇಳಿ ಬಂದಳು. ಮರುದಿನ ಅದು ನೀರನ್ನೂ ಮುಟ್ಟಲಿಲ್ಲ.

ಬುಧವಾರ ಬೆಳಗ್ಗೆ ಟೆಂಪೊ ಗುಡ್ಡ ದಾಟಿ ಸವದತ್ತಿಯ ಇಳಿಜಾರು ಹಿಡಿದಿತ್ತು. ಕಲ್ಮೇಶ ಧಾರವಾಡಕ್ಕೆ ಒಯ್ಯುವ ಮಾತಾಡುತ್ತಿದ್ದ. ಅಲ್ಲಿ ಬೇರೆ ನಾಯಿಯ ರಕ್ತ ಕೊಡುತ್ತಾರಂತೆ, ಪರಿಚಯದವರೊಬ್ಬರು ಇದ್ದಾರಂತೆ, ನಾಳೆಯೇ ಹೋಗಿಬಿಡೋಣ ಎನ್ನುತ್ತಿದ್ದ. ಮಹಾನಂದಾಳ ತೊಡೆಯ ಮೇಲಿದ್ದ ಡಾಂಬರಿಯ ತಲೆ ಒಮ್ಮೆ ಭಾರವಾಯಿತು. ಅವಳು ಅದರ ಪಕ್ಕೆಯ ಮೇಲೆ ಅಂಗೈ ಇಟ್ಟು ಕಾದಳು. ಅವನು ಮಾತಾಡುತ್ತಲೇ ಇದ್ದ.

"ಟೆಂಪೊ ಹೊಳ್ಳಸ್ರಿ," ಎಂದಳು.

"ಯಾಕ? ಏನರ ಮರತು ಬಂದ್ರೇನು?"

"ಹೊಳ್ಳಸ್ರಿ."

ಅವನು ತಿರುಗಿ ನೋಡಿದ. ಆಮೇಲೆ ಗಾಡಿ ತಿರುಗಿಸಿದ.

ಹಿತ್ತಲಿನ ಆಚೆ, ಬೇಲಿಯ ಬದಿಗೆ ಕಲ್ಮೇಶ ಕುಣಿ ತೋಡಿದ. ನೆಲ ಕಲ್ಲು. ಬಹಳ ಹೊತ್ತು ಹಿಡಿಯಿತು. ಸತ್ಯವ್ವ ಉಪ್ಪಿನ ಚೀಲ ತಂದಳು. "ಮನಿಗೆ ಬರಬ್ಯಾಡ ಅಂದಿದ್ದೆ ನಿನಗ," ಎಂದು ನಾಯಿಯನ್ನೇ ಬೈದು, ಉಪ್ಪು ಸುರಿದು, ಸೆರಗಿನಿಂದ ಮುಖ ಒರೆಸಿಕೊಂಡಳು. ಮಹಾನಂದಾ ಅಳಲಿಲ್ಲ. ಮಣ್ಣು ಮುಚ್ಚಿ, ಮೇಲೆ ಜಾಲಿಮುಳ್ಳು ಹೇರಿ, ಕೈ ತೊಳೆದು ಬಂದಳು.

ಕಲ್ಮೇಶ ನಳದ ಹತ್ತಿರ ನಿಂತಿದ್ದ.

"ಇನ್ನ ಬರಬ್ಯಾಡ್ರಿ," ಎಂದಳು. "ಕಾಯಿ ಆ ಇನ್ನೊಬ್ಬರ ಕಡೆ ಕಳಸ್ರಿ."

"ಮಹಾನಂದಾ..."

"ನಿಮ್ಮನ್ನ ನೋಡಿದ್ರ ನನಗ ಆ ಸೋಮವಾರ ಕಾಣತೈತಿ. ಅದು ಸಾಯಾಕ ಬಿದ್ದಿತ್ತು. ನಾವು ಉಪ್ಪಿಟ್ಟಿನ ಮಾತಾಡಿ ನಕ್ಕೋತ ಕುಂತಿದ್ವಿ."

ಅವನು ಕೈಯ ಮಣ್ಣು ತೊಳೆದುಕೊಂಡ. ಹೋದ.

ಇನ್ನೊಬ್ಬ ಡ್ರೈವರ್ ಕಾಯಿ ತಂದ, ಮತ್ತೆ ತಂದ. ಅವನು ಚಹಾ ಕೇಳುತ್ತಿರಲಿಲ್ಲ. ಮಹಾನಂದಾ ಭಂಡಾರ ತೂಗಿದಳು, ಬಳೆ ತೊಡಿಸಿದಳು. ಜನ "ನಿಮ್ಮ ನಾಯಿ ಎಲ್ಲಿ?" ಎಂದರೆ "ಸತ್ತಿತು" ಎಂದು ಚಿಲ್ಲರೆ ಕೊಡುತ್ತಿದ್ದಳು. ತಾನು ಕಳಕೊಂಡದ್ದು ಒಂದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ನಾಯಿಯನ್ನು ಬಿಟ್ಟು ಇನ್ನೊಂದಕ್ಕೆ ಮರುಗುವುದು ನಾಚಿಕೆಗೇಡು ಅನ್ನಿಸುತ್ತಿತ್ತು.

ಅವನು ಬಂದದ್ದು ಗಿರಾಕಿಗಳಿಲ್ಲದ ಒಂದು ಬುಧವಾರ. ಬಸ್ಸಿನಲ್ಲಿ ಬಂದಿದ್ದ. ಕೈಯಲ್ಲಿ ಏನೂ ಇರಲಿಲ್ಲ. ಬಿಸಿಲಲ್ಲಿ ನಡೆದು ಬಂದು, ಅಂಗಡಿಯ ಮುಂದೆ ಗಿರಾಕಿಯ ಹಾಗೆ ನಿಂತ.

"ಕಾಯಿ ತಂದಿಲ್ಲ," ಎಂದಳು.

"ಇಲ್ಲ."

"ಮತ್ತ ಯಾಕ ಬಂದ್ರಿ?"

"ನಿಮ್ಮನ್ನ ನೋಡಾಕ." ಅಷ್ಟು ಹೇಳಿ ಅವನಿಗೇ ಗಾಬರಿಯಾಯಿತು. ಇಷ್ಟು ನೆಟ್ಟಗೆ ಅವನು ಎಂದೂ ಮಾತಾಡಿರಲಿಲ್ಲ. "ಎರಡ ವರ್ಷ ನಾಯಿ ನೋಡಾಕ ಬರತೇನಿ ಅಂತ ಹೇಳ್ಕೋತ ಬಂದೆ. ನಾಯಿ ನೋಡಲೇ ಇಲ್ಲ. ನೋಡಿದ್ರ ಉಣ್ಣಿ ಕಾಣತಿದ್ವು."

ಮಹಾನಂದಾ ತಕ್ಕಡಿಯ ಬಟ್ಟಲನ್ನು ಕೆಳಗಿಟ್ಟಳು.

"ನೀವು ವಾರಕ್ಕ ಎರಡ ಸಲಾ ಬರವರು. ನಾ ದಿನಾ ಅದರ ಜೋಡಿ ಇದ್ದಾಕಿ," ಎಂದಳು. "ಅದು ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದು ನಾನು. ನೀವು ರಾಮದುರ್ಗಕ್ಕ ಹೋಗಿದ್ದಕ್ಕ ನನಗ ಅನ್ನ ಇಳೀಲಿಲ್ಲ. ಅದಕ್ಕೂ ಹಂಗ ಆಗೇತಿ ಅಂತ ತಿಳಕೊಂಡೆ. ಬ್ಯಾರೆ ಏನರ ಇರಬೌದು ಅಂತ ತಲ್ಯಾಗ ಬರಲೇ ಇಲ್ಲ ನನಗ."

"ಸಿಟ್ಟ ನಿಮ್ಮದು ಅಂತ ನನಗ ಅವತ್ತ ತಿಳದಿತ್ತು," ಎಂದ ಅವನು. "ಅದಕ್ಕ ಖುಷಿ ಆಗಿತ್ತು. ಇನ್ನೆರಡ ದಿನಾ ಹಿಂಗ ಇರಲಿ ಅನಿಸಿತ್ತು."

ಅವಳು ಅವನನ್ನು ನೋಡಿದಳು. ಆಗ ಅಳು ಬಂತು. ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು, ಸದ್ದು ಮಾಡಿ ಅತ್ತಳು. ಕಲ್ಮೇಶ ಒಳಗೆ ಬಂದು ಸಮಾಧಾನ ಹೇಳಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು, ಅವಳಿಗೆ ಬೆನ್ನು ಮಾಡಿ, ತಾನೂ ಅತ್ತ.

ಸತ್ಯವ್ವ ಒಳಗಿನಿಂದ ಇಣುಕಿ, ಹೋಗಿ ಚಹಾಕ್ಕೆ ಇಟ್ಟಳು.

ಚಹಾ ಕುಡಿದ ಮೇಲೆ ಅವನು ಕೇಳಿದ: "ಅಕ್ಕನ್ನ ಕರಕೊಂಡು ಬರಲೇನು? ನಿಮ್ಮವ್ವಾರ ಜೋಡಿ ಮಾತಾಡಾಕ?"

ಮಹಾನಂದಾ ಹಿತ್ತಲಿನಾಚೆಯ ಬೇಲಿಯ ಕಡೆ ನೋಡಿದಳು.

"ಒಂದು ತಿಂಗಳ ತಡೀರಿ," ಎಂದಳು. "ಒಂದು ತಿಂಗಳರ ಪೂರಾ ಅದರದ ದುಃಖ ಮಾಡ್ತೇನಿ. ಅದರಾಗ ನಿಮ್ಮನ್ನ ಬೆರಸಂಗಿಲ್ಲ."

"ಆಮ್ಯಾಲ?"

"ಆಮ್ಯಾಲ ಕರಕೊಂಡು ಬರ್ರಿ. ಉಪ್ಪಿಟ್ಟ ಮಾಡಂಗಿಲ್ಲ ನಾನು."

ಅವನ ಕಣ್ಣು ಕಿರಿದಾದವು. ನಗು ತುಟಿಗೆ ಬರದಂತೆ ತಡೆದುಕೊಂಡ. ಅವಳಿಗೆ ಅದು ಹಿಡಿಸಿತು.

ಬಸ್ಸಿನ ಹೊತ್ತಾದಾಗ ಅವಳೂ ಎದ್ದಳು. ಬೀದಿಯುದ್ದಕ್ಕೂ ಅಂಗಡಿಗಳಲ್ಲಿ ಹೆಂಗಸರು ಸುಮ್ಮನೆ ಕೂತಿದ್ದರು. ಇವರು ನಡೆದು ಬರುವುದನ್ನು ನೋಡಿ ಒಬ್ಬರಿಗೊಬ್ಬರು ಏನೋ ಅಂದುಕೊಂಡರು. ಮಹಾನಂದಾ ಅವನಿಗೆ ಸಮನಾಗಿಯೇ ನಡೆದಳು. ಬಸ್ಸು ಬಂತು. ಅವನು ಮೆಟ್ಟಿಲು ಹತ್ತಿ ತಿರುಗಿದ.

"ಹೋಗಿ ಬರ್ರಿ," ಎಂದಳು, ಅಂಗಡಿಗಳವರೆಗೂ ಕೇಳುವಷ್ಟು ಜೋರಾಗಿ.