ಕೇಳದೆ ಏರಿಸಿದ ಸೀಟು

ಮಗಳು ಗುಬ್ಬಿಯ ಬಿಳಿ ಶಾಲಾ ಅಂಗಿಯನ್ನು ಕೊಡವಿ ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಅವಳು ಬಕೆಟ್ಟಿನತ್ತ ಬಗ್ಗಿದಳು ಅಷ್ಟೇ. ತಲೆ ಎತ್ತುವಷ್ಟರಲ್ಲಿ ಅಂಗಿಯ ತುಂಬಾ ಹಸಿರು ಚುಕ್ಕೆ!

ಕಣ್ಣು ಮಂಜಾಯಿತೇನೋ ಅಂದುಕೊಂಡು ಮುಟ್ಟಿ ನೋಡಿದಳು. ಬೆರಳೂ ಹಸಿರಾಯಿತು.

ಬಾಲ್ಕನಿಯಿಂದ ಬಗ್ಗಿ ನೋಡಿದರೆ, ಕೆಳಗಿನ ಅಂಗಳದಲ್ಲಿ ಒಬ್ಬ ಮನುಷ್ಯ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಗ್ಗಕ್ಕೆ ನೇತುಹಾಕಿದ ಸೈಕಲ್ ಫ್ರೇಮಿಗೆ ಬಣ್ಣ ಸ್ಪ್ರೇ ಮಾಡುತ್ತಿದ್ದ. ಕೆಳಗಿನ ಖಾಲಿ ಶೆಡ್ಡಿಗೆ ಹೊಸದಾಗಿ ಬಂದ ಸೈಕಲ್ ಮೆಕ್ಯಾನಿಕ್. ಹಾಡು ಬೇರೆ ಗುನುಗುತ್ತಿದ್ದಾನೆ!

ಒದ್ದೆ ಅಂಗಿ ಹಿಡಿದುಕೊಂಡೇ ಅವಳು ದಡದಡ ಮೆಟ್ಟಿಲಿಳಿದಳು.

"ಏನ್ರೀ ಇದು?"

ಅವನು ಅಂಗಿ ನೋಡಿದ. ಕೈಯಲ್ಲಿದ್ದ ಡಬ್ಬಿ ನೋಡಿದ. ಆಮೇಲೆ ಆಕಾಶ ನೋಡಿದ.

"ಗಾಳಿ ತಿರುಗ್ತು ಮೇಡಂ."

"ಗಾಳಿ ತಿರುಗಿದ್ರೆ ಕೈನೂ ತಿರುಗಿಸ್ಬೇಕು ತಾನೇ?"

"ತಿರುಗಿಸ್ದೆ. ಅಷ್ಟರಲ್ಲಿ ಅದು ಮತ್ತೆ ತಿರುಗ್ತು."

ಹಿಂದೆಯೇ ಓಡಿ ಬಂದಿದ್ದ ಗುಬ್ಬಿ ಚಪ್ಪಾಳೆ ತಟ್ಟಿದಳು. "ಅಮ್ಮಾ, ಸೂಪರ್! ಇಡೀ ಸ್ಕೂಲಲ್ಲಿ ನನ್ನ ಅಂಗಿಗೆ ಮಾತ್ರ ಚುಕ್ಕೆ!"

"ನೀನು ಸುಮ್ನಿರೇ!"

ಅವನು ಒಂದು ಬಟ್ಟೆ ಚೂರನ್ನು ಬಣ್ಣ ತೆಗೆಯುವ ಥಿನ್ನರಿನಲ್ಲಿ ಅದ್ದಿ, ಅವಳು ಬೇಡ ಅನ್ನುವ ಮೊದಲೇ ಅಂಗಿಯನ್ನು ಉಜ್ಜಿಬಿಟ್ಟ. ಚುಕ್ಕೆಗಳೆಲ್ಲ ಕೂಡಿ ಅಂಗೈಯಗಲದ ಕಲೆಯಾಯಿತು.

ಅದೇ ಹೊತ್ತಿಗೆ ಗೇಟಿನಾಚೆ ಅವಳ ಬಸ್ಸು ಬುಸ್ಸೆಂದು ಹೊರಟುಹೋಯಿತು!

ಆ ಬಸ್ಸು ತಪ್ಪಿದರೆ ಗುಬ್ಬಿಗೆ ಶಾಲೆ ತಡ, ಅಲ್ಲಿಂದ ಹಿಡಿಯಬೇಕಾದ ಇನ್ನೊಂದು ಬಸ್ಸೂ ತಡ, ಅವಳು ಬಟ್ಟೆ ಸರಿಪಡಿಸಿಕೊಡುವ ಅಂಗಡಿಯಲ್ಲಿ ಮ್ಯಾನೇಜರನ ಮುಖ ಇಡೀ ದಿನ ಊದಿಕೊಂಡೇ ಇರುತ್ತದೆ. ಅವಳು ಸೋತು ಶೆಡ್ಡಿನ ಮೆಟ್ಟಿಲ ಮೇಲೆ ಕುಳಿತಳು. ಅಳು ಬರುವಂತಾಯಿತು... ಆದರೆ ಈ ಮನುಷ್ಯನ ಮುಂದೆಯೇ? ಛೆ!

ಕಣ್ಣು ತಪ್ಪಿಸಲು ಆ ಹಸಿರು ಫ್ರೇಮನ್ನೇ ನೋಡಿದಳು. ನಡುವಿನ ಕೊಳವೆ ತಗ್ಗಾಗಿ ಬಾಗಿತ್ತು. ಕಾಲು ಎತ್ತಿ ಹಾಕದೆ ಸಲೀಸಾಗಿ ಹತ್ತಬಹುದು.

"ಇದು ಯಾರಿಗೆ?"

"ಯಾರಿಗೂ ಅಲ್ಲ. ಕೆಲವರು ಪದಬಂಧ ಬಿಡಿಸ್ತಾರೆ, ನಾನು ಸೈಕಲ್ ಕಟ್ತೀನಿ."

"ಹಾಗಾದ್ರೆ ನನಗೆ ಕಟ್ಟಿಕೊಡಿ. ಆದ್ರೆ ನಾನು ಹೇಳ್ದಂಗೆ!"

ಆ ಕೊನೆಯ ಮಾತನ್ನು ಅವಳು ಸುಮ್ಮನೆ ಆಡಿರಲಿಲ್ಲ.

ಗುಬ್ಬಿಯ ಅಪ್ಪ ಬೇರೆ ಸಂಸಾರ ಕಟ್ಟಿಕೊಂಡು ಹೋಗಿ ವರ್ಷಗಳಾಗಿದ್ದವು. ಜೊತೆಗಿದ್ದಷ್ಟು ದಿನವೂ ಕಿಟಕಿ ಪರದೆಯ ಬಣ್ಣದಿಂದ ಹಿಡಿದು ಅವಳು ಕೆಲಸಕ್ಕೆ ಹೋಗಬೇಕೋ ಬೇಡವೋ ಅನ್ನುವವರೆಗೆ ಎಲ್ಲವೂ ಅವನದೇ ತೀರ್ಮಾನ. "ನಿನಗೇನು ಗೊತ್ತಾಗತ್ತೆ? ನಿನ್ನ ಒಳ್ಳೇದಕ್ಕೇ ಮಾಡಿದ್ದು." ಅವನು ಹೋದ ದಿನ ಅವಳು ಅತ್ತಳು, ನಿಜ. ಮರುದಿನ ಪರದೆ ಬದಲಾಯಿಸಿದಳು. ಇನ್ನು ಮುಂದೆ ತನ್ನನ್ನು ಕೇಳದೆ ತನ್ನ ಬದುಕಿನಲ್ಲಿ ಯಾರೂ ಏನೂ ಮಾಡಕೂಡದು... ಇಷ್ಟೇ ಅವಳ ಹಟ.

ಸಂಜೆ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡೇ ಇಳಿದು ಬಂದಳು. ಲಂಗ ಸಿಕ್ಕಿಕೊಳ್ಳದಂತೆ ಚೈನಿಗೆ ಪೂರ್ತಿ ಕವರು. ಬಟ್ಟೆಯ ಗಂಟು ಹಿಡಿಯುವಷ್ಟು ದೊಡ್ಡ ಬುಟ್ಟಿ. ಹಿಂದೆ ಗುಬ್ಬಿಗೆ ಬೆಲ್ಟಿನ ಸೀಟು, ಅವಳ ಪಾದ ಚಕ್ರದ ಕಡ್ಡಿಗಳಿಗೆ ಸಿಕ್ಕದಂತೆ ಜಾಲರಿ. ಅವನು ಎಲ್ಲದಕ್ಕೂ ತಲೆಯಾಡಿಸಿದ.

"ಸೀಟು ಮಾತ್ರ ತಗ್ಗಲ್ಲಿರ್ಬೇಕು. ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗ್ಬೇಕು."

"ಅಷ್ಟು ತಗ್ಗಿಸಿದ್ರೆ ತುಳಿಯುವಾಗ ಮಂಡಿ ಮಡಚ್ಕೊಂಡೇ ಇರತ್ತೆ ಮೇಡಂ. ನೋವು ಬರತ್ತೆ."

"ಹಿಂದೆ ಮಗು ಇರತ್ತೆ. ಮಂಡಿ ನಂದು. ನೋವೂ ನಂದೇ."

"ನಿಮ್ಮಿಷ್ಟ," ಅಂದ. ಅಂದನಷ್ಟೇ!

ನಾಳೆ ಅಂದ. ನಾಡಿದ್ದು ಅಂದ. ಬ್ರೇಕು ಹೊಂದುತ್ತಿಲ್ಲ ಅಂದ, ಹ್ಯಾಂಡಲ್ ಅಗಲವಾಯಿತು ಅಂದ, ಬುಟ್ಟಿ ವಾಲುತ್ತಿದೆ ಅಂದ.

"ನಿಮ್ಮನ್ನ ನಂಬ್ಕೊಂಡ್ರೆ ನನ್ನ ಮಗಳು ಈ ಸೈಕಲ್ಲಲ್ಲಿ ಕಾಲೇಜಿಗೆ ಹೋಗ್ತಾಳೆ!"

"ಅಷ್ಟರಲ್ಲಿ ಸೀಟು ಬದಲಾಯಿಸ್ಬೇಕಾಗತ್ತೆ ಮೇಡಂ. ಈಗಿಂದು ಪುಟಾಣಿ ಸೈಜು."

ಕೊನೆಗೊಮ್ಮೆ ಸೈಕಲ್ ರಸ್ತೆಗಿಳಿಯಿತು. ಮೊದಲ ದಿನ ಸಾಲುಗಟ್ಟಿ ನಿಂತ ಬಸ್ಸುಗಳನ್ನು ದಾಟಿ ಮುಂದೆ ಹೋದಾಗ ಗುಬ್ಬಿ ಕಿಟಕಿಯವರಿಗೆಲ್ಲ ಟಾಟಾ ಮಾಡಿದಳು. ಮುಂದೆ ತುಳಿಯುತ್ತಿದ್ದ ಅವಳಿಗೆ ಎಷ್ಟೋ ವರ್ಷಗಳ ಮೇಲೆ ಬೆಳಗಿನ ಗಾಳಿ ಮುಖಕ್ಕೆ ತಾಗಿತು.

ಮೊದಮೊದಲು ಮಂಡಿ ನೋಯಿತು. ಯಾರಿಗೂ ಹೇಳದೆ ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಯಾರೂ ನೋಡಲಿಲ್ಲ ಅಂದುಕೊಂಡಳು. ಆದರೆ ಶೆಡ್ಡಿನೊಳಗಿಂದ ಒಬ್ಬ ನೋಡಿದ್ದ.

ಪ್ರತಿ ಶನಿವಾರ ಸಂಜೆ ಅವನು ಸೈಕಲ್ಲಿನ ನಟ್ಟು ಬೋಲ್ಟು ಬಿಗಿಮಾಡಿಕೊಡುತ್ತಿದ್ದ. ಅಷ್ಟರಲ್ಲಿ ಒಂದಿಷ್ಟು ಮಾತು. ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲವೆಂದೂ, ಒಗ್ಗರಣೆ ಹಾಕಿದರೆ ಸೀಯುತ್ತದೆಂದೂ ಅವಳಿಗೆ ತಿಳಿಯಿತು. ಗುಬ್ಬಿ ಅವನಿಗೆ ಗ್ರೀಸ್ ಮಾಮ ಅಂತ ಹೆಸರಿಟ್ಟಳು. ಶನಿವಾರ ಬಂದರೆ ಗುಬ್ಬಿಯ ಅಮ್ಮ ತನಗರಿವಿಲ್ಲದೆಯೇ ಕನ್ನಡಿ ನೋಡಿಕೊಂಡು ಇಳಿಯುತ್ತಿದ್ದಳು.

"ಸೈಕಲ್ಲಿಗೆ ಎಣ್ಣೆ ಹಾಕ್ಸೋಕೆ ತಲೆ ಯಾಕೆ ಬಾಚ್ಕೋಬೇಕು?" ಅವಳ ಅಮ್ಮ, ಅಂದರೆ ಗುಬ್ಬಿಯ ಅಜ್ಜಿ, ಒಳಗಿಂದಲೇ ಕೇಳಿದರು.

"ಅಮ್ಮಾ, ನಿನಗೆ ಬೇರೆ ಕೆಲಸ ಇಲ್ವಾ?"

"ಇದೆಯಮ್ಮಾ. ಇದೇ ಕೆಲಸ."

ಮಂಡಿನೋವು ಯಾವಾಗ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. "ನೋಡಿದ್ರಾ? ನೋವು ಪೂರ್ತಿ ಹೋಯ್ತು! ನೀವು ಸುಮ್ನೆ ಹೆದರಿಸಿದ್ರಿ," ಅಂತ ಗೆದ್ದವಳಂತೆ ಹೇಳಿದಳು. ಅವನು ಚೈನು ಒರೆಸುತ್ತಾ ಮುಗುಳ್ನಕ್ಕ.

ಅಲ್ಲೇ ಹೇಳಿಬಿಡಬೇಕಿತ್ತು ಅವನು...

ಒಂದು ಬೆಳಗ್ಗೆ ಸಿಗ್ನಲ್ಲಿನಲ್ಲಿ ಬ್ರೇಕು ಹಿಡಿದು ಕಾಲು ಊರಿದಳು. ಹಿಮ್ಮಡಿ ನೆಲಕ್ಕೆ ಸಿಗಲೇ ಇಲ್ಲ! ಸೈಕಲ್ ವಾಲಿತು. ಗುಬ್ಬಿ "ಅಮ್ಮಾ!" ಅಂತ ಚೀರಿದಳು. ಪಕ್ಕದ ಕಾರಿನವನು ಕೈಚಾಚಿ ಹ್ಯಾಂಡಲ್ ಹಿಡಿದುಕೊಂಡದ್ದರಿಂದ ಇಬ್ಬರೂ ಬೀಳಲಿಲ್ಲ.

ಅಂಗಡಿ ಮುಟ್ಟಿದ ಕೂಡಲೇ ಸೀಟಿಗೆ ಟೇಪು ಹಿಡಿದು ನೋಡಿದಳು. ದಿನವಿಡೀ ಅಳತೆಯಲ್ಲೇ ಬದುಕುವವಳಿಗೆ ಮೋಸ ಮಾಡಲಾದೀತೇ? ಸೀಟು ಪೂರ್ತಿ ಎರಡು ಬೆರಳು ಮೇಲಿತ್ತು.

ಸಂಜೆ ಶೆಡ್ಡಿನ ಬಾಗಿಲಲ್ಲಿ ಸ್ಟ್ಯಾಂಡು ಹಾಕಿದಳು.

"ಸೀಟು ಯಾರು ಏರಿಸಿದ್ದು?"

ನಟ್ಟು ತಿರುಗಿಸುತ್ತಿದ್ದ ಅವನ ಕೈಯಲ್ಲಿನ ಪಾನ ನಿಂತಿತು. "ನಾನೇ. ಪ್ರತಿ ಶನಿವಾರ ಒಂದು ಕೂದಲೆಳೆಯಷ್ಟು... ನೀವು ಕಂಬಿ ಹಿಡ್ಕೊಂಡು ಮೆಟ್ಟಿಲು ಹತ್ತೋದು ನೋಡಕ್ಕಾಗ್ಲಿಲ್ಲ. ನೋವು ಹೋಯ್ತು ಅಂತ ನೀವೇ ಹೇಳಿದ್ರಲ್ಲ?"

"ನನ್ನನ್ನ ಕೇಳಿದ್ರಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಬೇಡ ಅನ್ನೋಕೇ ತಾನೇ ಕೇಳೋದು! ಇವತ್ತು ನನ್ನ ಮಗು ಬೀಳ್ತಿತ್ತು, ಗೊತ್ತಾ?"

ಅವನ ಮುಖ ಬಿಳಿಚಿಕೊಂಡಿತು. "ಮೇಡಂ, ನಿಮ್ಮ ಒಳ್ಳೇದಕ್ಕೇ..."

"ಆ ಮಾತು ಮಾತ್ರ ಆಡ್ಬೇಡಿ!"

ಅವನ ಕೈಯಿಂದ ಪಾನ ಕಿತ್ತುಕೊಂಡು, ಬೋಲ್ಟು ಸಡಿಲಿಸಿ, ಸೀಟನ್ನು ತಾನೇ ಕೆಳಗಿಳಿಸಿದಳು. ಕೈತುಂಬಾ ಗ್ರೀಸು, ಕಣ್ತುಂಬಾ ನೀರು. ಅವಳ ಕೋಪ ಸೀಟಿನ ಮೇಲಿರಲಿಲ್ಲ. 'ಇವನೂ ಹಾಗೆಯೇ... ನಾನು ಇವನನ್ನು ಬೇರೆ ಅಂದುಕೊಂಡಿದ್ದೆನಲ್ಲ!'

ಆಮೇಲಿನ ಶನಿವಾರಗಳು ಖಾಲಿ ಹೋದವು. ಮಂಡಿ ಮತ್ತೆ ನೋಯತೊಡಗಿತು. ನೋವಿಗೂ ನಾಚಿಕೆ ಬೇಡವೇ? ಅವನ ಮಾತೇ ಸರಿ ಅಂತ ಹೆಜ್ಜೆಹೆಜ್ಜೆಗೂ ಸಾಕ್ಷಿ ಹೇಳುತ್ತಿತ್ತು!

"ಸೀಟು ಸ್ವಲ್ಪ ಏರಿಸ್ಕೊಳ್ಳೇ," ಅಂದರು ಅಮ್ಮ, ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಾ.

"ಏರಿಸಲ್ಲ."

"ನಿಮ್ಮಪ್ಪನ ಹಟ ಪೂರ್ತಿ ಬಂದಿದೆ. ಮೂಗೊಂದು ಬಂದಿದ್ರೆ ಸಾಕಿತ್ತು."

ಒಂದು ಸಂಜೆ ಅವನು ಮೆಟ್ಟಿಲು ಹತ್ತಿ ಬಂದ. ಹೊಸ್ತಿಲಾಚೆಯೇ ನಿಂತ. ಕೈಯಲ್ಲಿ ಸಣ್ಣ ಹಿಡಿಕೆಯಿರುವ ಒಂದು ಉಕ್ಕಿನ ಪಟ್ಟಿ.

"ಬೋಲ್ಟಿನ ಬದಲು ಇದು. ಹಿಡಿಕೆ ತೆಗೆದ್ರೆ ಸೀಟು ಸಡಿಲ, ಮುಚ್ಚಿದ್ರೆ ಬಿಗಿ. ಪಾನ ಬೇಡ, ನಾನೂ ಬೇಡ. ಏರಿಸೋದು ಇಳಿಸೋದು ಎರಡೂ ನಿಮ್ಮ ಕೈಲೇ." ಪಟ್ಟಿಯನ್ನು ಅವಳತ್ತ ಚಾಚಿದ. "ನೀವು ನೋವು ಅಂತ ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ತಪ್ಪು ನಂದು. ನನಗೆ ಬಾಯಿಗಿಂತ ಕೈ ಮುಂದೆ ಓಡತ್ತೆ. ಇದನ್ನ ಹಾಕ್ಲಾ? ಬೇಡ ಅಂದ್ರೆ ವಾಪಸ್ ಹೋಗ್ತೀನಿ."

ಅವಳು ಪಟ್ಟಿ ತೆಗೆದುಕೊಂಡು, ಹಿಡಿಕೆಯನ್ನು ಒಮ್ಮೆ ತೆರೆದು ಮುಚ್ಚಿ ನೋಡಿದಳು. ಯಾರಾದರೂ ಬಾಗಿಲಾಚೆ ನಿಂತು, ಬೇಡ ಅನ್ನಲು ಜಾಗ ಬಿಟ್ಟು ಕೇಳಿದ್ದು ಇದೇ ಮೊದಲು.

"...ಹಾಕಿ."

ಮರುದಿನ ಅವಳೇ ಹಿಡಿಕೆ ತೆಗೆದು ಸೀಟನ್ನು ಒಂದಿಷ್ಟು ಏರಿಸಿಕೊಂಡಳು. ಮುಂದಿನ ವಾರ ಇನ್ನೊಂದಿಷ್ಟು. ಸಿಗ್ನಲ್ಲಿನಲ್ಲಿ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದನ್ನು, ಅವನು "ತೋರಿಸ್ಲಾ?" ಅಂತ ಕೇಳಿಯೇ ತೋರಿಸಿಕೊಟ್ಟ. ಮಂಡಿ ಸುಮ್ಮನಾಯಿತು. ಶನಿವಾರಗಳು ವಾಪಸ್ ಬಂದವು.

ಆದರೆ ಹೊಸ ತಲೆನೋವು ಶುರುವಾಯಿತು!

"ಮೇಡಂ, ಗಾಳಿ ತುಂಬ್ಲಾ?"

"ತುಂಬಿ."

"ಹಿಂದಿನ ಚಕ್ರಕ್ಕೂ?"

"ಹಿಂದಿನ ಚಕ್ರಕ್ಕೆ ಬೇಡ, ಅದು ಉಪವಾಸ ಇರ್ಲಿ! ರೀ, ತುಂಬ್ರೀ!"

ಬೆಲ್ಲು ಬಿಗಿಮಾಡ್ಲಾ? ಬುಟ್ಟಿ ಒರೆಸ್ಲಾ? ಒಂದೊಂದು ನಟ್ಟಿಗೂ ಅಪ್ಪಣೆ ಕೇಳುತ್ತಿದ್ದ. ಕೇಳಬೇಕಾದ ಒಂದೇ ಒಂದು ಮಾತನ್ನು ಬಿಟ್ಟು! ಅದು ಅವನ ಗಂಟಲವರೆಗೆ ಬಂದು ನಿಲ್ಲುವುದು ಅವಳಿಗೆ ಕಾಣುತ್ತಿತ್ತು. ಗುಬ್ಬಿಗೆ ಕಾಣುತ್ತಿತ್ತು. ಬಾಲ್ಕನಿಯಲ್ಲಿ ನಿಂತ ಅಮ್ಮನಿಗಂತೂ ಕನ್ನಡಕವಿಲ್ಲದೆಯೇ ಕಾಣುತ್ತಿತ್ತು.

ಆ ಸೋಮವಾರ ಗುಬ್ಬಿ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕುಳಿತಾಗಿತ್ತು. ಅವನು ಶೆಡ್ಡಿನಿಂದ ಓಡಿ ಬಂದ. ಶುಭ್ರ ಅಂಗಿ, ಬಾಚಿದ ತಲೆ, ಕೈಯಲ್ಲಿ ಎಣ್ಣೆಯ ಡಬ್ಬಿ.

"ಮೇಡಂ, ಒಂದು ಮಾತು ಕೇಳ್ಬೇಕಿತ್ತು..."

ಅವಳು ಪೆಡಲಿನಿಂದ ಕಾಲು ತೆಗೆದಳು. "ಕೇಳಿ."

"ಅದೂ..."

"ಕೇಳೀಪ್ಪಾ!"

"...ಚೈನಿಗೆ ಎಣ್ಣೆ ಹಾಕ್ಲಾ?"

ಅವಳು ಕಣ್ಣು ಮುಚ್ಚಿ ಹ್ಯಾಂಡಲ್ ಮೇಲೆ ಹಣೆ ಇಟ್ಟಳು. 'ಹೂಂ ಅನ್ನಲು ಬಾಯಿ ತೆರೆದುಕೊಂಡೇ ನಿಂತಿದ್ದೇನೆ, ಈ ಪುಣ್ಯಾತ್ಮ ಚೈನು ಹಿಡಿದುಕೊಂಡಿದ್ದಾನೆ!'

"ಎಣ್ಣೆ ಶನಿವಾರ ತಾನೇ ಹಾಕಿದ್ರಿ," ಅಂದಳು ತಲೆ ಎತ್ತಿ. ದನಿ ತಾನಾಗಿಯೇ ಮೆತ್ತಗಾಗಿತ್ತು. "ನೀವು ಕೇಳಿದ್ದಕ್ಕೆಲ್ಲ ಬೇಡ ಅಂತೀನಿ ಅಂತ ಹೆದರ್ಕೋಬೇಡಿ. ಕೆಲವಕ್ಕೆ ಅನ್ನಲ್ಲ."

ಡಬ್ಬಿ ಅವನ ಕೈಯಲ್ಲೇ ವಾಲಿ, ಎಣ್ಣೆ ತೊಟತೊಟ ಬೂಟಿನ ಮೇಲೆ ಬಿತ್ತು. "ನಿಜವಾಗ್ಲೂ... ಅನ್ನಲ್ವಾ?"

"ಕೇಳಿ ನೋಡಿ."

ಅವನು ಉಸಿರು ಎಳೆದುಕೊಂಡ. ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ...

"ಅಯ್ಯೋ, ನನಗೆ ಸ್ಕೂಲಿಗೆ ಲೇಟಾಗ್ತಿದೆ!" ಗುಬ್ಬಿ ಹಿಂದಿನಿಂದ ಎರಡೂ ಕಾಲು ಬಡಿದಳು. "ಗ್ರೀಸ್ ಮಾಮಾ, ನೀವು ನಮ್ಮಮ್ಮನ್ನ ಮದುವೆ ಆಗ್ತೀರಾ?"