ಅಕ್ಕನ ಹದಿನಾರು ಸಂಜೆ

ಮಳೆಗಾಲದ ಆಟಿ ತಿಂಗಳು, ಶನಿವಾರ, ಮಧ್ಯಾಹ್ನ ಮೂರು ಗಂಟೆ.

"ಏಳಿ, ಏಳಿ! ಅಕ್ಕ ತಂಗಿ ಒಟ್ಟಿಗೆ ಚೆನ್ನೆ ಆಡಬಾರದು ಅಂತ ಎಷ್ಟು ಸಲ ಹೇಳುವುದು?" ಗುಣವತಿ ಅಜ್ಜಿ ಗುಳಿಗಳ ಚೆನ್ನೆಮಣೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಶಶಿಪ್ರಭಾಳ ಮುಖ ಸಣ್ಣದಾಯಿತು. ಹಾಫ್ ಡೇ ಶಾಲೆ ಮುಗಿದದ್ದೇ ಕೊಟ್ಟಾರದ ಮನೆಗೆ ಓಡಿ ಬಂದದ್ದು ಅಕ್ಕನ ಜೊತೆ ಆಡಲಿಕ್ಕೆ.

ಆಶಾಲತಾ ಅಕ್ಕನಿಗೆ ಮೇ ತಿಂಗಳಲ್ಲಿ ಮದುವೆಯಾಗಿತ್ತು. ಹೊಸ ಮದುಮಗಳು ಆಟಿಗೆ ತವರಿಗೆ ಬರುವುದು ಕ್ರಮ. ಆಟಿ ಮುಗಿದು ಸೋಣ ತಿಂಗಳು ಹುಟ್ಟಿದ ಬೆಳಿಗ್ಗೆ ಭಾವ ಬಂದು ತೊಕ್ಕೊಟ್ಟಿನ ತಮ್ಮ ಮನೆಗೆ ಕರೆದುಕೊಂಡು ಹೋಗುತ್ತಾರೆ. ಇವತ್ತಿನದ್ದು ಸೇರಿ ಉಳಿದದ್ದು ಹದಿನಾರೇ ಸಂಜೆ.

ಅದಕ್ಕೂ ಮೂರು ಜನ. ಅಜ್ಜಿಗೆ ಪೇಪರಿನ ಧಾರಾವಾಹಿ ಓದಿ ಹೇಳಬೇಕು. ಆಗಲೇ ನೂಲು ಹಿಡಿದು ಬಂದು ಕೂತಿದ್ದ ಪಕ್ಕದ ಮನೆಯ ಮುಮ್ತಾಝ್‌ಗೆ ಕ್ರೋಷೆ ಹೆಣಿಗೆ ಕಲಿಸಬೇಕು. ಶಶಿಗೆ ಅಕ್ಕ ಸುಮ್ಮನೆ ಬೇಕು.

"ಜಗಳ ಬೇಡ. ಒಂದು ಕಾಯಿಗೆ ಒಂದು ಸಂಜೆ. ಕಣ್ಣು ಮುಚ್ಚಿ ಬಾಚಿಕೊಳ್ಳಿ," ಎಂದು ಅಕ್ಕ ಮಣೆಯಿಂದ ಹದಿನಾರು ಕೆಂಪು ಮಂಜೊಟ್ಟಿ ಬೀಜದ ಕಾಯಿ ತೆಗೆದು ತಟ್ಟೆಗೆ ಹಾಕಿದಳು.

ಹಿರಿಯರೆಂದು ಅಜ್ಜಿ ಮೊದಲು ಬಾಚಿದರು. ಆರು ಬಂತು. ಮುಮ್ತಾಝ್‌ಗೆ ಏಳು. ತಟ್ಟೆಯಲ್ಲಿ ಮೂರು ಉಳಿಯಿತು.

"ಇನ್ನೊಂದು ಸಲ!" ಎಂದಳು ಶಶಿ.

ಈ ಸಲ ಅಜ್ಜಿಗೆ ಎಂಟು, ಮುಮ್ತಾಝ್‌ಗೂ ಎಂಟು. ತಟ್ಟೆ ಖಾಲಿ.

"ಇದೆಂತ ಚಾನ್ಸ್? ಅವರು ಬಿಟ್ಟದ್ದು ಮಾತ್ರ ನನಗೆ! ಕಡೆಗೆ ನಿಂತವಳಿಗೆ ಕೈ ಹಾಕಲಿಕ್ಕೇ ಇಲ್ಲ," ಶಶಿ ಖಾಲಿ ತಟ್ಟೆಯನ್ನು ದೂಡಿದಳು.

"ಹೌದಲ್ಲ ಮಾರಾಯ್ತಿ," ಎಂದು ಅಕ್ಕ ಎದ್ದು, ಅಂಗಳ ಗುಡಿಸುವ ಹಿಡಿಸೂಡಿಯಿಂದ ಎರಡು ಕಡ್ಡಿ ಕಿತ್ತು ತಂದಳು. ಹದಿನಾರು ಕಾಯಿಯನ್ನು ನೆಲದ ಮೇಲೆ ಉದ್ದಕ್ಕೆ ಸಾಲಿಟ್ಟಳು.

"ಕಣ್ಣು ಮುಚ್ಚಿ ಕಡ್ಡಿ ಇಡುವುದು. ಸಾಲು ಮೂರು ತುಂಡಾಗ್ತದೆ. ಎಡದ್ದು ಶಶಿಗೆ, ನಡುವಿನದ್ದು ಅಜ್ಜಿಗೆ, ಬಲದ್ದು ಮುಮ್ತಾಝ್‌ಗೆ. ಇದರಲ್ಲಿ ಮೊದಲು ಕಡೆ ಅಂತ ಇಲ್ಲ."

ಒಂದು ಕಡ್ಡಿ ಶಶಿ ಇಟ್ಟಳು. ಇನ್ನೊಂದು ಮುಮ್ತಾಝ್. ಐದು, ಒಂಬತ್ತು, ಎರಡು.

"ಎರಡೇ? ಎರಡು ಸಂಜೆಯಲ್ಲಿ ಸೂಜಿ ಹಿಡಿಯಲಿಕ್ಕೂ ಬರುವುದಿಲ್ಲ ನನಗೆ," ಮುಮ್ತಾಝ್ ಹಣೆ ಚಚ್ಚಿಕೊಂಡಳು. "ಅಜ್ಜಿ, ಒಂಬತ್ತು ಸಂಜೆ ಎಂತ ಮಾಡ್ತೀರಿ? ಮೂರನೇ ಸಾಲಿಗೇ ಗೊರಕೆ ಹೊಡೀತೀರಿ."

"ಗೊರಕೆಯಲ್ಲೂ ಕೇಳ್ತದೆ ನನಗೆ," ಎಂದರು ಅಜ್ಜಿ.

"ಮತ್ತೊಂದು ಸಲ ಮಾಡುವ, ನಾನೇ ಸಾಲಿಡ್ತೇನೆ," ಎಂದು ಶಶಿ ಕಾಯಿಗಳನ್ನು ಬಾಚಿಕೊಂಡಳು. ಕಡ್ಡಿ ಬಿತ್ತು. ಆರು, ಮೂರು, ಎಂಟು.

ಅಕ್ಕ ಬೆರಳು ಮಡಚಿ ಕೂಡಿಸಿದಳು. ಮತ್ತೊಮ್ಮೆ ಕೂಡಿಸಿದಳು. "ಟೋಟಲ್ ಹದಿನೇಳು. ಇದು ಎಲ್ಲಿಂದ ಬಂತು ಶಶಿ?"

ಶಶಿ ಕಾಲ ಹೆಬ್ಬೆರಳು ನೋಡಿದಳು. "ಮಣೆಯಿಂದ ತೆಗೆದೆ. ಒಂದು ದಿನ ಹೆಚ್ಚು ಇದ್ದರೆ ಎಂತ ಆಗ್ತದೆ ನಿನಗೆ?"

ಅಕ್ಕ ಹದಿನೇಳನೆಯ ಕಾಯಿಯನ್ನು ಹೆಕ್ಕಿ ಮುಷ್ಟಿಯೊಳಗೆ ಇಟ್ಟುಕೊಂಡಳು. "ಕಡ್ಡಿಯಲ್ಲಿ ಮೊದಲು ಬಂದದ್ದೇ ಇರಲಿ," ಎಂದಳು ಮೆಲ್ಲಗೆ.

ಶಶಿ ತನ್ನ ಐದರಿಂದ ಒಂದನ್ನು ಮುಮ್ತಾಝ್ ಕಡೆಗೆ ತಳ್ಳಿದಳು. ನಾಲ್ಕು, ಒಂಬತ್ತು, ಮೂರು. ಮನಸ್ಸಿನಲ್ಲೇ ಕೂಡಿಸಿದಳು. ಹದಿನಾರೇ.

ಸಂಜೆಗಳು ಒಂದೊಂದೇ ಮುಗಿದವು. ಅಜ್ಜಿಯ ಪಾಲಿನ ದಿನ ಅಜ್ಜಿ ಗೊರಕೆ ಹೊಡೆದರೂ ಅಕ್ಕ ಓದುವುದನ್ನು ನಿಲ್ಲಿಸಲಿಲ್ಲ. ಪಕ್ಕದಲ್ಲಿ ಶಶಿ ಕಿವಿಗೊಟ್ಟು ಕೂತಿರುತ್ತಿದ್ದಳು.

ಸೋಣ ಬಂತು. ಅಕ್ಕನನ್ನು ಕಳಿಸಿ ಬಂದ ಮೇಲೆ ಅಜ್ಜಿ ಚೆನ್ನೆಮಣೆಯನ್ನು ಒರೆಸಿ ಕಾಯಿ ತುಂಬಲು ಕೂತರು. ಮುಂದಿನ ಆಟಿಯವರೆಗೆ ಅದನ್ನು ಅಟ್ಟದಿಂದ ಕೆಳಗಿಳಿಸಲಿಕ್ಕಿಲ್ಲ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು, ಒಟ್ಟು ಐವತ್ತಾರು. ಕಡೆಯ ಗುಳಿಗೆ ಮೂರೇ ಬಂತು.

"ಒಂದು ಎಲ್ಲಿ ಹೋಯ್ತು?" ಅಜ್ಜಿ ಚಾಪೆ ಎತ್ತಿ ಕೊಡವಿದರು.

ಶಶಿ ಹುಡುಕಲಿಲ್ಲ. ಗೇಟಿನ ಹತ್ತಿರ ಅಕ್ಕ ಕಣ್ಣೊರೆಸಿಕೊಂಡಾಗ ಕರ್ಚೀಫಿನ ತುದಿಯಲ್ಲಿ ಸಣ್ಣ ಗಂಟು ಇದ್ದುದನ್ನು ಅವಳು ನೋಡಿದ್ದಳು. ಗಂಟಿನ ಬಟ್ಟೆಯೊಳಗಿಂದ ಕೆಂಪು ಕಾಣುತ್ತಿತ್ತು.

"ಎಲ್ಲಿಗೂ ಹೋಗ್ಲಿಲ್ಲ ಅಜ್ಜಿ. ಇಲ್ಲಿ ಐವತ್ತೈದು, ತೊಕ್ಕೊಟ್ಟಿನಲ್ಲಿ ಒಂದು. ಲೆಕ್ಕ ಸರಿ ಉಂಟು."

ಅಜ್ಜಿ ಅವಳ ಮುಖ ನೋಡಿದರು. ಚಾಪೆ ಕೆಳಗಿಟ್ಟು ಮಣೆಯನ್ನು ಬಟ್ಟೆಯಲ್ಲಿ ಸುತ್ತಿದರು.

ಅಕ್ಕ ಹೊರಟದ್ದು ಸೋಣದ ಮೊದಲ ದಿನ, ಸೋಮವಾರ, ಬೆಳಗಿನ ಎಂಟು ಗಂಟೆಯ ಬಸ್ಸಿಗೆ.