ನಡುಗುವ ಕೈಗೆ ಬೆನ್ನು ಕೊಡಬಾರದು

"ಮಗ್ಗುಲಾಗಿ ಮಲಗಿ."

ಅಷ್ಟೇ ಹೇಳಿದ ಅವನು. ಫಾಯ್‌ಗೆ ಎದೆ ಧಸಕ್ಕೆಂದಿತು!

ಚಿಯಾಂಗ್ ಮಾಯ್‌ನ ಆ ಮಾಲೀಸು ಶಾಲೆಯಲ್ಲಿ ಅವಳಿಗದು ಮೊದಲ ದಿನ. ತಡವಾಗಿ ಬಂದವಳಿಗೆ ಉಳಿದಿದ್ದದ್ದು ಈ ಅಪರಿಚಿತನ ಪಕ್ಕದ ಚಾಪೆಯೊಂದೇ. ಇಲ್ಲಿ ಒಬ್ಬರ ಮೈಮೇಲೆ ಒಬ್ಬರು ಕೈಯಿಟ್ಟೇ ವಿದ್ಯೆ ಕಲಿಯಬೇಕು.

ಅವಳ ಬೆನ್ನುಮೂಳೆ ಹುಡುಗಿಯಾಗಿದ್ದಾಗಲೇ ಬಲಕ್ಕೆ ಬಾಗಿತ್ತು. ಒಂದು ಪಕ್ಕೆ ಉಬ್ಬಿ, ಇನ್ನೊಂದು ಒಳಗಿಳಿದಿತ್ತು. ಸಡಿಲ ಅಂಗಿಯೊಳಗೆ ಅದನ್ನು ಬಚ್ಚಿಟ್ಟುಕೊಂಡೇ ಬೆಳೆದವಳು ಅವಳು.

'ಈಗ ಇವನು ಮುಖ ಸಿಂಡರಿಸುತ್ತಾನೆ...'

ಅವನು ಹಾಗೆ ಮಾಡಲಿಲ್ಲ. ಮೂಲೆಯಲ್ಲಿದ್ದ, ಈ ವಿದ್ಯೆಯ ಮೂಲಪುರುಷ ಜೀವಕ ಗುರುವಿನ ಮೂರ್ತಿಗೆ ಕೈಮುಗಿದು, ಒಂದು ಪುಟ್ಟ ದಿಂಬನ್ನು ಅವಳ ಉಬ್ಬಿದ ಪಕ್ಕೆಯ ಕೆಳಗೆ ಸರಿಸಿದ. ಮೇಲಾದ ತಗ್ಗು ಪಕ್ಕೆಯ ಮೇಲೆ ಅಂಗೈ ಇಟ್ಟ.

"ಇಲ್ಲಿಗೆ ಉಸಿರು ತನ್ನಿ... ನಿಧಾನ."

ಎಂದೂ ಉಸಿರು ಮುಟ್ಟದ ಜಾಗಕ್ಕೆ ಅವತ್ತು ಉಸಿರು ಬಂತು. ಅವಳ ಕಣ್ಣುಗಳು ತುಂಬಿದವು.

"ನೋವಾಯ್ತಾ?"

"ಇಲ್ಲ... ನೋವಾಗ್ಲಿಲ್ಲ. ಅದಕ್ಕೇ ಅಳು ಬಂತು."

ಅವನ ಹೆಸರು ಕ್ಲಾ, ಅವಳಿಗಿಂತ ಮೊದಲೇ ಸೇರಿದ್ದ ವಿದ್ಯಾರ್ಥಿ. ಮೆಕಾಂಗ್ ನದಿಯಲ್ಲಿ ದೋಣಿ ನಡೆಸುತ್ತಿದ್ದವನು. ಕೈ ನೋಡಿದರೆ ಒರಟು, ಮುಟ್ಟಿದರೆ ಬೆಣ್ಣೆ!

ಗುರುವಮ್ಮ ಸಾಯ್‌ಬುವಾಗೆ ಎಪ್ಪತ್ತು ದಾಟಿತ್ತು. ಕಣ್ಣುಮುಚ್ಚಿ ಬೆರಳಾಡಿಸಿದರೆ ಸಾಕು, ಬೆನ್ನು ಎಲ್ಲಿ ತಿರುಗಿದೆ, ಎಲ್ಲಿ ಬಿಗಿದಿದೆ ಎಂದು ಹೇಳಿಬಿಡುವಳು.

"ಮೂಳೆ ನೆಟ್ಟಗೆ ಮಾಡ್ತೀನಿ ಅನ್ನೋ ಜಂಬ ಬೇಡ ಕಣ್ರೋ. ಉಸಿರಿಗೆ ಜಾಗ ಮಾಡಿಕೊಡಿ, ಸಾಕು. ಇನ್ನೊಂದು ಮಾತು, ಕೈ ನಡುಗಿದ್ರೆ ತಕ್ಷಣ ಎತ್ತಿಬಿಡಿ. ನಡುಗೋ ಕೈಗೆ ಯಾರ ಬೆನ್ನೂ ಕೊಡಬಾರದು!"

ಎರಡು ತಿಂಗಳು ಉರುಳಿದವು. ಫಾಯ್‌ಳ ಬೆರಳುಗಳ ಸೂಕ್ಷ್ಮಕ್ಕೆ ಗುರುವಮ್ಮನೇ ತಲೆದೂಗುತ್ತಿದ್ದಳು. ಪರೀಕ್ಷೆ ಪಾಸಾದರೆ ಅವಳು ತನ್ನೂರು ನಾನ್‌ಗೆ ಮರಳಿ, ತನ್ನಂತೆಯೇ ಬೆನ್ನು ಬಾಗಿದ ಮಕ್ಕಳಿಗೆ ಕೈಯಾಸರೆಯಾಗಬೇಕು. ಅದೊಂದೇ ಅವಳ ಕನಸು. ಇತ್ತೀಚೆಗೆ ಆ ಕನಸಿನ ಅಂಚಿನಲ್ಲಿ ಕ್ಲಾ ಕೂಡ ಬಂದು ನಿಲ್ಲುತ್ತಿದ್ದ...

ಪರೀಕ್ಷೆಯ ಹಿಂದಿನ ಸಂಜೆ. ಮೈಗೆ ಶಾಖ ಕೊಡುವ ಔಷಧಿ ಸೊಪ್ಪಿನ ಗಂಟುಗಳು ಹಬೆಯಾಡುವ ಒಲೆಯ ಬಳಿ ಕ್ಲಾನ ದನಿ ಕೇಳಿಸಿತು.

"ಗುರುವಮ್ಮಾ, ನಾಳೆ ಪರೀಕ್ಷೆಗೆ ಫಾಯ್ ಬೆನ್ನು ನನ್ನ ಕೈಲಾಗಲ್ಲ. ಬೇರೆಯವರಿಗೆ ಕೊಡಿ."

ಅತ್ತ ಬರುತ್ತಿದ್ದ ಫಾಯ್ ಗೋಡೆಯ ಮರೆಗೆ ಸರಿದಳು.

'ಇಷ್ಟು ದಿನ ಸಹಿಸಿಕೊಂಡಿದ್ದನಾ? ಕೊನೆಗೂ ಅಸಹ್ಯವಾಯಿತಾ?'

ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟವಳನ್ನು ವಯಸ್ಸಿನಲ್ಲಿ ಹಿರಿಯಳಾದ ಸಹಪಾಠಿ, ಎಲ್ಲರ ಪಾಲಿನ ಸೋಮ್‌ಜೀನ್ ಅತ್ತೆ ಬಾಗಿಲಲ್ಲೇ ತಡೆದಳು.

"ಎಲ್ಲಿಗೆ ಮಾರಾಯ್ತಿ? ಬೇಡ ಅಂದವನು ಮಂಡಿಯೂರಿ ಕೂತಿದಾನೆ. ಕಾರಣ ಕೇಳದೆ ಹೋಗ್ತೀಯಾ?"

ಅದು ಆ ಶಾಲೆಯ ಕಟ್ಟಳೆ. ಒಂದು ಮೈಯನ್ನು ಒಲ್ಲೆ ಎಂದವರು ಎಲ್ಲರೆದುರು ಆ ವ್ಯಕ್ತಿಗೆ ಮಲ್ಲಿಗೆ ಕೊಟ್ಟು, ಕಾರಣ ಹೇಳಿ, ಕ್ಷಮೆ ಕೇಳಬೇಕು.

ಕ್ಲಾ ಮಲ್ಲಿಗೆ ಹಾರ ಹಿಡಿದು ತಲೆತಗ್ಗಿಸಿದ್ದ.

"ಹೇಳಿ!" ಫಾಯ್ ದನಿ ಒಡೆದಿತ್ತು. "ನನ್ನ ಡೊಂಕು ಬೆನ್ನು ನೋಡಿ ನೋಡಿ ಸಾಕಾಯ್ತು ಅಂತ ಎಲ್ಲರೆದುರಿಗೇ ಹೇಳಿಬಿಡಿ!"

"ಅಯ್ಯೋ, ಅಲ್ಲ ಫಾಯ್! ನನ್ನ ಕೈ ನಡುಗುತ್ತೆ."

"ಏನು?"

"ಬೇರೆ ಯಾರನ್ನ ಮುಟ್ಟಿದ್ರೂ ನಡುಗಲ್ಲ. ನಿಮ್ಮನ್ನ ಮುಟ್ಟಿದ್ರೆ ಮಾತ್ರ... ಒಂದು ತಿಂಗಳಿಂದ. ನಿಮಗೆಲ್ಲಿ ನೋವು ಮಾಡಿಬಿಡ್ತೀನೋ ಅಂತ ಹೆದರಿಕೆ. ನಿಮ್ಮ ಮೇಲೆ ಮನಸಾಗಿದೆ. ನನ್ನ ತಪ್ಪು, ಕ್ಷಮಿಸಿ."

ಮಲ್ಲಿಗೆ ಹಾರ ಅವನ ಬೆರಳಲ್ಲಿ ಕಂಪಿಸುತ್ತಿತ್ತು.

"ದೋಣಿಯವನು ದಡದಲ್ಲೇ ಮುಳುಗಿದ!" ಎಂದು ಸೋಮ್‌ಜೀನ್ ಅತ್ತೆ ಕಣ್ಣೊರೆಸಿಕೊಂಡಳು. ಇಡೀ ಶಾಲೆ ಗೊಳ್ಳೆಂದಿತು.

ಗುರುವಮ್ಮ ಮಾತ್ರ ನಗಲಿಲ್ಲ.

"ಫಾಯ್, ಚೀಲ ಇಳಿಸು. ಇವತ್ತು ನಿನಗಿದೇ ಪರೀಕ್ಷೆ. ಆ ಕೈಯ ನಡುಕ ನಿಲ್ಲಿಸು."

ಫಾಯ್ ಜೀವಕನಿಗೆ ಕೈಮುಗಿದು ಹಾರ ಹಿಡಿದಿದ್ದ ಕ್ಲಾನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅವಸರ ಮಾಡಲಿಲ್ಲ. ಹೆಗಲಿನಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ, ತನ್ನ ಉಸಿರಿನ ಲಯಕ್ಕೇ ಒತ್ತುತ್ತ ಇಳಿದಳು. ಅವನ ಉಸಿರು ಅವಳ ಉಸಿರಿನ ಜೊತೆ ಸೇರುವತನಕ ಕಾದಳು. ಹಾರದ ಕೊನೆಯ ಮೊಗ್ಗೂ ಅಲುಗಾಡದೆ ನಿಂತಿತು.

"ಪಾಸು," ಎಂದಳು ಗುರುವಮ್ಮ. "ಇಬ್ಬರಲ್ಲಿ ಒಬ್ಬರು!"

ಫಾಯ್ ಅವನ ಕಡೆಗೆ ಬೆನ್ನು ತಿರುಗಿಸಿ ಚಾಪೆಯ ಮೇಲೆ ಮಗ್ಗುಲಾದಳು. ಅಷ್ಟು ಜನರ ಮುಂದೆ, ಮೊದಲ ಸಲ, ನಾಚದೆ.

"ನಿಮ್ಮ ಪರೀಕ್ಷೆ ಬಾಕಿ ಇದೆ. ದಿಂಬು ಎಲ್ಲಿಡಬೇಕು, ನೆನಪಿದೆ ತಾನೇ?"

"ಮರೆಯೋಕಾಗುತ್ತಾ? ಆದ್ರೆ ಕೈ ಮತ್ತೆ ನಡುಗಿದ್ರೆ...?"

"ಎತ್ತಿಬಿಡಿ. ನಾನು ಹಿಡ್ಕೋತೀನಿ."